ಒಂದು ಸೇರು ತೌಡು

ದೊಡ್ಡಬಳ್ಳಾಪುರದಲ್ಲಿ ತೌಡಮ್ಮ ಎಂಬ ಹೆಸರಿನವಳು ತನಗೆ ಗೊತ್ತಿದ್ದಂತೆ ತಾನೊಬ್ಬಳೇ ಎಂದು ತೌಡಮ್ಮ ಹೇಳುತ್ತಿದ್ದಳು. ಹಿಂದೆ ಇನ್ನೊಬ್ಬಳಿದ್ದಳು, ಸಂತೆಯಲ್ಲಿ ಸೊಪ್ಪು ಮಾರುವವಳು. ಅವಳು ಹೋಗಿ ಎಂಟು ವರ್ಷವಾಗಿತ್ತು. ರೇಷನ್ ಅಂಗಡಿಯಲ್ಲಿ ಹೆಸರು ಕೂಗಿದರೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಬ್ಯಾಂಕಿನ ಹುಡುಗಿಯಂತೂ ಹೆಸರು ಸರಿಯಾಗಿದೆಯೇ ಎಂದು ಎರಡೆರಡು ಸಲ ಕೇಳುತ್ತಿದ್ದಳು. "ಸರಿಯಾಗೇ ಐತೆ, ಬರ್ಕೊಳವ್ವ" ಎನ್ನುತ್ತಿದ್ದಳು ತೌಡಮ್ಮ. ಅದರಲ್ಲಿ ನಾಚಿಕೆಯೂ ಇರುತ್ತಿರಲಿಲ್ಲ, ಸಿಟ್ಟೂ ಇರುತ್ತಿರಲಿಲ್ಲ.

ಮನೆಯ ಮುಂಭಾಗದಲ್ಲಿ ಎರಡು ಪವರ್‌ಲೂಮ್ ಮಗ್ಗ. ಗಂಡ ಮುನಿಕೃಷ್ಣ ಸೀರೆ ನೇಯುತ್ತಿದ್ದ, ಇವಳು ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಆ ವರ್ಷ ಮಗಳು ಅನಿತ ಬಾಣಂತನಕ್ಕೆಂದು ದೇವನಹಳ್ಳಿಯಿಂದ ಬಂದು ಹಿಂದಿನ ಕೋಣೆಯಲ್ಲಿದ್ದಳು. ಅದು ಮೂರನೆಯ ಹೆರಿಗೆ. ಮೊದಲ ಮಗು ನಾಲ್ಕನೆಯ ದಿನ ಹೋಗಿತ್ತು, ಎರಡನೆಯದು ಹತ್ತೊಂಬತ್ತನೆಯ ದಿನ. ಈ ಹೆಣ್ಣುಮಗುವಿಗೆ ಇಪ್ಪತ್ತೆರಡು ದಿನವಾಗಿತ್ತು. ಡಾಕ್ಟರು ಎಲ್ಲ ಚೆನ್ನಾಗಿದೆ ಎಂದಿದ್ದರು, ಆದರೆ ಆ ಮಾತನ್ನು ನಂಬುವ ಶಕ್ತಿ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ತೌಡಮ್ಮ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು, ನೀರು ಹಾಕುತ್ತಿದ್ದಳು, ಸಾಂಬ್ರಾಣಿ ಹೊಗೆ ಹಿಡಿದು ಮಲಗಿಸುತ್ತಿದ್ದಳು. ಪಕ್ಕದ ಮನೆಯವರ ಮಗುವಿಗೆ ಮಾಡಿಕೊಟ್ಟ ಹಾಗಿತ್ತು ಅದು. ಇಬ್ಬರು ಮೊಮ್ಮಕ್ಕಳನ್ನು ತನ್ನ ಕೈಯಾರೆ ಬಟ್ಟೆ ಸುತ್ತಿ ಕೊಟ್ಟ ಮೇಲೆ ಅವಳೊಳಗೆ ಏನೋ ನಿಂತುಹೋಗಿತ್ತು. ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತಾಗ ಇರುತ್ತದಲ್ಲ, ಆ ಥರ. ಮಗು ಅತ್ತರೆ ಅವಳಿಗೆ ಕೇಳಿಸುತ್ತಿತ್ತು, ಅಷ್ಟೆ.

ಶುಕ್ರವಾರ ಹೆಸರಿಡುವುದೆಂದು ಗೊತ್ತಾಗಿತ್ತು. ಅನಿತ ಮೂರು ದಿನದಿಂದ ಫೋನಿನಲ್ಲಿ ಹೆಸರು ಹುಡುಕುತ್ತಿದ್ದಳು.

"ಅಮ್ಮಾ, ಇದ್ರಲ್ಲಿ ಎಲ್ಲಾ ಹೆಸ್ರಿಗೂ ಅರ್ಥ ಹಾಕವ್ರೆ. ಎಲ್ಲಿಂದ ಬಂತು, ಎಷ್ಟು ಜನ ಇಟ್ಕೊಂಡವ್ರೆ, ಎಲ್ಲಾ."

"ನಂದು ನೋಡು."

ಅನಿತ ಒತ್ತಿ ನೋಡಿದಳು. "ಇಲ್ಲಮ್ಮ. ಇಂಥ ಹೆಸ್ರೇ ಇಲ್ಲ ಅಂತೈತೆ."

"ಇಲ್ದಿದ್ರೆ ಇಲ್ಲ ಬಿಡು" ಎಂದು ತೌಡಮ್ಮ ಎಣ್ಣೆ ಬಟ್ಟಲು ಎತ್ತಿಟ್ಟಳು.

ಅನಿತ ಫೋನು ಕೆಳಗಿಟ್ಟಳು. ಆಮೇಲೆ ಹೇಳಿದಳು: "ಇವಳಿಗೆ ಅದೇ ಹೆಸ್ರು ಇಡಣ. ನಿನ್ನ ಮಾರಿದ್ಮೇಲೆ ತಾನೆ ನೀನು ಉಳ್ಕೊಂಡಿದ್ದು? ಇವಳನ್ನೂ ಮಾರ್ತೀನಿ. ನಿನ್ನ ಕೊಂಡ ಅಕ್ಕಯಜ್ಜಿ ಇನ್ನೂ ಬದುಕವ್ಳಲ್ಲ."

ಇದನ್ನು ಹೇಳಿದವಳು ಯಾರೆಂದು ನೋಡಬೇಕು. ಶಾಲೆಯಲ್ಲಿ ತಾಯಿಯ ಹೆಸರು ಲಕ್ಷ್ಮಿ ಎಂದು ಸುಳ್ಳು ಬರೆಸಿದ್ದವಳು, ತನ್ನ ಮದುವೆಯ ಕಾರ್ಡಿನಲ್ಲಿ ಹಟ ಹಿಡಿದು ಶ್ರೀಮತಿ ಲಕ್ಷ್ಮಮ್ಮ ಎಂದು ಅಚ್ಚು ಹಾಕಿಸಿದವಳು ಇದೇ ಅನಿತ. ತೌಡಮ್ಮ ಅದನ್ನೂ ಆಡಿ ತೋರಿಸಲಿಲ್ಲ. "ನಿನ್ನಿಷ್ಟ" ಎಂದಳು.

ಮಾರಿದ್ದಂತೂ ನಿಜ. ತೌಡಮ್ಮನಿಗಿಂತ ಮುಂಚೆ ಅವಳ ತಾಯಿ ನಾರಾಯಣಮ್ಮ ಹೆತ್ತ ಮೂರು ಮಕ್ಕಳು ತಿಂಗಳು ತುಂಬುವುದರೊಳಗೆ ಹೋಗಿದ್ದವು. ಮೂರಕ್ಕೂ ದೇವರ ಹೆಸರುಗಳನ್ನೇ ಇಟ್ಟಿದ್ದರು, ಯಾವ ದೇವರೂ ಕಣ್ಣು ತೆರೆಯಲಿಲ್ಲ. ನಾಲ್ಕನೆಯದು ಹುಟ್ಟಿದ ಮೂರನೇ ದಿನ ಮಗುವನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಇಟ್ಟರು. ಕೆರೆಯ ಹಿಂದೆ ಗದ್ದೆಯಿದ್ದ ಒಕ್ಕಲು ಮನೆಯ ಅಕ್ಕಯಮ್ಮ ದಿನಾ ಹಾಲು ತಂದುಕೊಡುತ್ತಿದ್ದಳು. ಇಪ್ಪತ್ತೆಂಟರ ಹೆಂಗಸು, ನಾಲ್ಕು ಮಕ್ಕಳ ತಾಯಿ, ನಾಲ್ಕೂ ಗಟ್ಟಿಮುಟ್ಟು. ಅವಳು ಬಂದು ಬಾಗಿಲಲ್ಲಿ ಒಂದು ಸೇರು ತೌಡು ಸುರಿದಳು, ಮೊರ ಎತ್ತಿಕೊಂಡಳು, ತಿರುಗಿ ನೋಡದೆ ಹೋದಳು. ಸಂಜೆ ಮತ್ತೆ ಬಂದು "ತಗೋ ನಾರಾಯಣಿ, ನನ್ನ ಮಗು ಇದು. ಹಾಲು ಕೊಟ್ಟು ಸಾಕ್ಕೊಡು" ಎಂದು ಒಪ್ಪಿಸಿದಳು. ಸಾವು ನಾರಾಯಣಮ್ಮನ ಮಗುವನ್ನು ಹುಡುಕಿಕೊಂಡು ಬಂದರೆ ಅಲ್ಲಿ ಅಂಥ ಮಗುವೇ ಇರಬಾರದು. ಇದ್ದದ್ದೂ ತೌಡಿಗೆ ಬಿಕರಿಯಾದ ಮಾಲು, ಯಾರಿಗೆ ಬೇಕು ಎನ್ನಿಸಬೇಕು. ಹೆಸರಿನ ಹುಟ್ಟು ಇಷ್ಟೇ, ಅರ್ಥವೂ ಇಷ್ಟೇ.

ಆದರೆ ಹೀಗೆ ಮಾರಿದ ಮಗಳನ್ನು ಅವಳ ಮದುವೆಯ ದಿನಕ್ಕಾದರೂ ಹೆತ್ತವಳು ಬಿಡಿಸಿಕೊಳ್ಳಬೇಕು. ಒಂದು ಸೇರು ತೌಡು ವಾಪಸ್ಸು ಕೊಟ್ಟರೆ ಮಗಳು ಮತ್ತೆ ಅವಳದಾಗುತ್ತಾಳೆ. ನಾರಾಯಣಮ್ಮ ಬಿಡಿಸಿಕೊಳ್ಳಲಿಲ್ಲ. ಅವಳು ತೌಡಮ್ಮನನ್ನು ಒಂದು ದಿನವೂ ಮಗಳೇ ಎಂದು ಕರೆದವಳಲ್ಲ. ಕರೆದರೆ ಲೇ ತೌಡಿ. ಯಾರಾದರೂ ನಿಮ್ಮ ಮಗಳಾ ಎಂದು ಕೇಳಿದರೆ, "ಅಲ್ಲ, ಅಕ್ಕಯಮ್ಮನದು" ಎನ್ನುವಳು. ಇವಳ ಬೆನ್ನಿಗೆ ಹುಟ್ಟಿದ ತಮ್ಮ ಗೋಪಾಲಪ್ಪನಿಗೆ ತೊಡೆ, ಮುತ್ತು, ಕಂದ ಎಂಬ ಮಾತು. ಇವಳಿಗೆ ಜ್ವರ ಬಂದರೆ ಅಮ್ಮ ಬಾಗಿಲಾಚೆ ಕೂತು ಒಳಗೆ ನೋಡುತ್ತಿದ್ದಳು, ಪಕ್ಕಕ್ಕೆ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಸಾಯುವಾಗಲೂ ಅವಳು ಕೇಳಿದ್ದು "ಅಕ್ಕಯಮ್ಮನ ಮಗಳು ಬಂದ್ಲಾ?" ಎಂದು. ತೌಡಮ್ಮ ಬಾಯಿಗೆ ನೀರು ಬಿಟ್ಟಳು. ಅಳಲಿಲ್ಲ. ನೆಂಟರು ಕಲ್ಲು ಮನಸ್ಸಿನವಳೆಂದು ಆಡಿಕೊಂಡರು, ಅವಳೂ ಇರಬಹುದು ಅಂದುಕೊಂಡಳು.

ಈಗ ಮೊಮ್ಮಗಳನ್ನು ಮಾರಲು ತೌಡು ಹುಡುಕಿದ್ದೂ ತೌಡಮ್ಮನೇ. ದನದ ಮೇವಿನ ಅಂಗಡಿಯವನು ಬೂಸಾ ಇದೆ, ಹಿಂಡಿ ಇದೆ, ತೌಡೆಲ್ಲ ಎಣ್ಣೆ ಮಿಲ್ಲಿಗೆ ಹೋಗುತ್ತದೆ ಎಂದು ನಕ್ಕ. ಕೊನೆಗೆ ಅಕ್ಕಿ ಗಿರಣಿಯಲ್ಲಿ ಕೇಳಿ ಒಂದು ಸೇರಷ್ಟು ಚೀಲದಲ್ಲಿ ತಂದಳು. ಇದನ್ನು ತಂದು ನಮ್ಮ ಬಾಗಿಲಲ್ಲಿ ನೀವೇ ಸುರಿಯಿರಿ ಅಜ್ಜಿ ಎನ್ನುವ ಹಾಗಿರಲಿಲ್ಲ. ತೊಂಬತ್ತು ಸಮೀಪಿಸಿದ ಅಕ್ಕಯಮ್ಮನಿಗೆ ಈಗ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ಮಗುವನ್ನೇ ಅಲ್ಲಿಗೆ ಒಯ್ಯುವುದೆಂದಾಯಿತು.

ಬುಧವಾರ ಬೆಳಿಗ್ಗೆ ಆಟೋದಲ್ಲಿ ಹೊರಟರು. ಅನಿತ ಕಿವಿಗೆ ಬಟ್ಟೆ ಕಟ್ಟಿಕೊಂಡು, ತೊಡೆಯ ಮೇಲೆ ಮೊರ, ಮೊರದಲ್ಲಿ ಮಗು. ತೌಡಮ್ಮನ ಕೈಯಲ್ಲಿ ತೌಡಿನ ಚೀಲ. ಅನಿತ ದಾರಿಯುದ್ದಕ್ಕೂ ರಸ್ತೆ ನೋಡುತ್ತಿದ್ದಳೇ ಹೊರತು ಮಗುವಿನ ಕಡೆ ಕಣ್ಣು ಹಾಯಿಸಲಿಲ್ಲ. ಬಿಸಿಲು ಮಗುವಿನ ಮುಖಕ್ಕೆ ಬಿದ್ದಾಗ ತೌಡಮ್ಮನೇ ಸೆರಗು ಅಡ್ಡ ಹಿಡಿದಳು.

"ಮಗು ಮುದ್ದಾಗೈತೆ. ನಿಮ್ದಾ ಅಕ್ಕ?" ಎಂದ ಆಟೋದವನು.

"ಅಲ್ಲ, ಅಕ್ಕಯಮ್ಮನದು" ಎಂದಳು ಅನಿತ.

ಅದೇ ಮಾತು, ಅದೇ ಗಂಟಲು. ನಾರಾಯಣಮ್ಮ ಎದ್ದು ಬಂದು ಪಕ್ಕದಲ್ಲಿ ಕೂತ ಹಾಗಾಯಿತು. ತೌಡಮ್ಮನಿಗೆ ಭಯವಾಯಿತು. ಎಷ್ಟೋ ತಿಂಗಳ ಮೇಲೆ ಅವಳಿಗೆ ಆದ ಮೊದಲ ಭಾವನೆ ಅದು. ಅವಳು ಮಗುವಿನ ಕಾಲನ್ನು ಬಟ್ಟೆಯ ಮೇಲಿಂದಲೇ ಹಿಡಿದುಕೊಂಡಳು. ದಾರಿ ಮುಗಿಯುವವರೆಗೂ ಹಾಗೇ ಹಿಡಿದಿದ್ದಳು.

ಅಕ್ಕಯಮ್ಮ ಕೊಟ್ಟಿಗೆಯ ಪಕ್ಕ ಹಗ್ಗದ ಮಂಚದ ಮೇಲೆ ಕೂತಿದ್ದಳು. ಕಣ್ಣು ಮಂಜು, ಕಿವಿ ಚುರುಕು. ಅನಿತ ಮೊರವನ್ನು ಅವಳ ಕಾಲ ಬಳಿ ಇಟ್ಟು ಬಂದ ವಿಷಯ ಹೇಳಿದಳು. ಅಕ್ಕಯಮ್ಮ ಕೈ ಚಾಚಲಿಲ್ಲ.

"ಇನ್ನೊಂದು ಬ್ಯಾಡ ಕಣವ್ವ. ಒಂದು ಕೊಂಡೇ ನಂಗೆ ಸಾಕಾಗೈತೆ" ಎಂದಳು. ಆಮೇಲೆ ತೌಡಮ್ಮ ನಿಂತ ದಿಕ್ಕಿಗೆ ತಿರುಗಿದಳು. "ನಿಮ್ಮಮ್ಮ ವರ್ಷ ವರ್ಷ ಬರ್ತಿದ್ಲು, ಗೊತ್ತೇನೇ?"

"ಎಲ್ಲಿಗೆ?"

"ಇಲ್ಲಿಗೇ. ಸಂಕ್ರಾಂತಿ ಕಳೀತಿದ್ದಂಗೆ ಹೊಸ ತೌಡು ಕಟ್ಕೊಂಡು ಬರೋಳು, ನಿನ್ನ ಬಿಡಿಸ್ಕೊಳಕೆ. ಈ ಮಂಚದ ಮೇಲೇ ಕೂರೋಳು. ಕೊಡು ನಾರಾಯಣಿ ಅಂದ್ರೆ, ತಡಿ ಅಕ್ಕಯ್ಯ, ಇದೊಂದು ವರ್ಷ ಇರ್ಲಿ, ನನ್ದಾದ್ರೆ ಅವ್ಳು ಉಳೀತಾಳೋ ಇಲ್ವೋ ಅನ್ನೋಳು. ಗಂಟು ಎತ್ಕೊಂಡು ಹೋಗ್ಬಿಡೋಳು. ನಿನ್ನ ಮದ್ವೆ ದಿನಾನೂ ತಂದಿದ್ಲು. ಛತ್ರದ ಹಿಂದೆ ಪಾತ್ರೆ ತೊಳಿಯೋ ಕಡೆ ಕೂತ್ಕೊಂಡು ಅತ್ಲು. ಆಗ್ಲೂ ಕೊಡ್ಲಿಲ್ಲ. ಸಾಯೋ ವರ್ಷಾನೂ ಬಂದಿದ್ಲು, ಮೆಟ್ಲು ಹತ್ತಕ್ಕೆ ಆಗ್ದೆ ಆ ಕಲ್ಲಿನ ಮೇಲೆ ಕೂತಿದ್ಲು."

"ನೀನ್ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳ್ಬ್ಯಾಡ ಅಂತ ಆಣೆ ಇಕ್ಕಿಸ್ಕೊಂಡಿದ್ಲು. ಇನ್ನು ನಾನಿರೋದೆಷ್ಟು ದಿನ, ಹೋಗ್ಲಿ ಅಂತ ಹೇಳ್ದೆ."

ತೌಡಮ್ಮ ತೌಡಿನ ಚೀಲವನ್ನು ಕೆಳಗಿಟ್ಟಳು. ಮಗು ಕೊಸರಾಡಿತು. ಅನಿತ ಅದರ ಕಡೆ ನೋಡದೆ ಗೋಡೆ ನೋಡುತ್ತಿದ್ದಳು.

"ಮಾರ್ಬ್ಯಾಡ ಅನಿತ" ಎಂದಳು ತೌಡಮ್ಮ.

"ಹೋಗ್ಬಿಟ್ರೆ ಅಮ್ಮಾ?"

ಹೋಗುವುದಿಲ್ಲ ಎಂದು ಹೇಳಲು ತೌಡಮ್ಮನಿಗೆ ಬಾಯಿ ಬರಲಿಲ್ಲ. ಎರಡು ಸಲ ಹಾಗೆ ಹೇಳಿಯಾಗಿತ್ತು. "ಹೋದ್ರೆ ನಿನ್ನ ಮಗಳಾಗೇ ಹೋಗ್ಲಿ. ಉಳುದ್ರೆ ನಿನ್ನ ಮಗಳಾಗೇ ಉಳೀಲಿ. ನಾನು ಉಳ್ದಿದೀನಲ್ಲ, ನೋಡು ಹೆಂಗಿದೀನಿ. ನನ್ನಂಗೆ ಉಳಿಸ್ಬ್ಯಾಡ. ಎತ್ಕೋ ಅವಳನ್ನ."

ಅನಿತ ಮೊರದಿಂದ ಮಗುವನ್ನು ಎತ್ತಿ ಎದೆಗೆ ಅವಚಿಕೊಂಡಳು. ಹೆತ್ತ ದಿನದಿಂದ ಹಲ್ಲು ಕಚ್ಚಿ ಹಿಡಿದಿದ್ದೆಲ್ಲ ಒಡೆದು ಬಂತು. ಮಗುವಿಗಿಂತ ಜೋರಾಗಿ ಅವಳೇ ಅತ್ತಳು.

ಶುಕ್ರವಾರ ಮಗುವಿಗೆ ಚೈತ್ರ ಎಂದು ಹೆಸರಿಟ್ಟರು. ಆ ಬೀದಿಯಲ್ಲೇ ಇನ್ನೂ ಮೂವರು ಚೈತ್ರ ಇದ್ದಾರೆ, ಅರ್ಥವೇನೆಂದು ಯಾರೂ ಕೇಳುವುದಿಲ್ಲ. ಅವಳೀಗ ಗೋಡೆ ಹಿಡಿದು ನಿಲ್ಲುತ್ತಾಳೆ, ಕಂಡಿಕೆಗಳನ್ನು ಕಿತ್ತು ಬಿಸಾಡುತ್ತಾಳೆ. ತೌಡಮ್ಮ ಎಂಬ ಹೆಸರು ಈ ತೌಡಮ್ಮನಿಗೇ ಮುಗಿಯುತ್ತದೆ, ಮುಗಿಯಲಿ.

ಆ ಬುಧವಾರ ಹೊರಡುವ ಮುಂಚೆ ಇನ್ನೊಂದು ನಡೆಯಿತು. ಅನಿತ ಕಣ್ಣೊರೆಸಿಕೊಂಡು ತೌಡಿನ ಚೀಲವನ್ನು ಅಕ್ಕಯಮ್ಮನ ಮಡಿಲಿಗೆ ಇಟ್ಟಳು. "ಇದನ್ನ ತಗೊಂಡು ನಮ್ಮಮ್ಮನ್ನ ಬಿಟ್ಬಿಡಜ್ಜಿ. ನಮ್ಮಜ್ಜಿ ಪರವಾಗಿ ನಾನು ಕೊಡ್ತಿದೀನಿ."

ಅಕ್ಕಯಮ್ಮ ಚೀಲದೊಳಗೆ ಕೈ ಹಾಕಿ ಬೆರಳಲ್ಲಿ ಉಜ್ಜಿ ನೋಡಿದಳು. ಒಳ್ಳೆಯ ತೌಡೇ ಇತ್ತು. ತಡಕಾಡಿಕೊಂಡು ಎದ್ದು, ಅಷ್ಟನ್ನೂ ಹಸುವಿನ ಬಾನಿಗೆ ಸುರಿದಳು. ಹಸು ಮೂತಿಯಿಟ್ಟಿತು. ಆಗ ಅವಳು ತೌಡಮ್ಮನ ಬೆನ್ನು ಮುಟ್ಟಿ ಹೇಳಿದಳು: "ಆಯ್ತು. ನಾರಾಯಣಿ ಮಗಳೇ, ಹುಷಾರಾಗಿ ಹೋಗು."

ತೌಡಮ್ಮ ತಲೆಯಾಡಿಸಿ ಮೆಟ್ಟಿಲಿಳಿದಳು. ಆಟೋ ಹತ್ತು ಹೆಜ್ಜೆ ದೂರದಲ್ಲಿತ್ತು. ಅಮ್ಮ ಕೊನೆಯ ವರ್ಷ ಕೂತಿದ್ದ ಕಲ್ಲಿನ ತನಕ ನಡೆದಳು. ಅಲ್ಲೇ ಕೂತಳು. ಮೊದಲು ಬರೀ ಉಸಿರು ಬಂತು, ಆಮೇಲೆ ಅಳು. ಸಾವಿನ ಮನೆಯಲ್ಲಿ ಹೆಂಗಸರು ಅಳುವ ಹಾಗೆ, ಬಾಯಿ ಬಿಟ್ಟು, ಎದೆ ಬಡಿದುಕೊಂಡು ಅತ್ತಳು.

ಆಟೋದವನು ಗಾಬರಿಯಾಗಿ ಇಳಿದು ಬಂದ. "ಏನಾಯ್ತಮ್ಮಾ? ಯಾರು ಹೋದ್ರು?"

"ಅಮ್ಮ" ಎಂದಳು ಅರವತ್ತೊಂದು ವರ್ಷದ ತೌಡಮ್ಮ. "ನಮ್ಮಮ್ಮ ಹೋಗ್ಬಿಟ್ಲಪ್ಪ."