ಯಾವ ಕನಕಾಂಬರ

ಕಬ್ಬಿಣದ ವಿಷಯದಲ್ಲಿ ನನ್ನ ಗಂಡ ‘ಇರಬಹುದು’ ಎಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಕಾದಿದೆಯೇ ಎಂದರೆ ಹೌದು, ಇಲ್ಲವೆಂದರೆ ಇಲ್ಲ. ಬೇರೆ ವಿಷಯಗಳಲ್ಲಿ ಹಾಗಲ್ಲ. ಸಾರಿಗೆ ಉಪ್ಪು ಸಾಕೇ ಎಂದರೂ ‘ನೋಡು, ನಿನ್ನಿಷ್ಟ’ ಎನ್ನುವ ಆಸಾಮಿ. ಕುಲುಮೆಯ ಮುಂದೆ ಕೂತಾಗ ಮಾತ್ರ ಅವರಿಗೆ ಅನುಮಾನ ಎಂಬುದೇ ಇರಲಿಲ್ಲ.

ನಮ್ಮ ಕುಲುಮೆ ಇರುವುದು ನೆಲಮಂಗಲದಿಂದ ಸೋಂಪುರದ ಕಡೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಲಾರಿಗಳ ಹಳೆಯ ಸ್ಪ್ರಿಂಗ್ ಪಟ್ಟಿ ತಂದು ಮಚ್ಚು, ಕುಡುಗೋಲು ಮಾಡುತ್ತಿದ್ದೆವು. ಅವರು ಇಕ್ಕಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಿಂದ ತೋರಿಸಿದ ಜಾಗಕ್ಕೆ ನನ್ನ ದೊಡ್ಡ ಸುತ್ತಿಗೆ ಬೀಳಬೇಕು. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ. ಅವರು ಹೇಳಿದ ಹಾಗೆ ನಾನು ಕೇಳುತ್ತಿದ್ದದ್ದು ಅಲ್ಲಿ ಮಾತ್ರ ಎಂದು ಊರವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ಅವರ ಕಣ್ಣು ಹೋಗುತ್ತಿದೆ ಎಂದು ನನಗೆ ತಿಳಿದದ್ದು ತಡವಾಗಿ. ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುವುದು, ಪಕ್ಕದಲ್ಲಿ ಇಟ್ಟ ಚೊಂಬನ್ನು ಒದೆಯುವುದು ಶುರುವಾದಾಗ ನಾನು ಬೈದೆ, ಗಮನ ಎಲ್ಲಿದೆ ಎಂದು. ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿ ಎಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ಅವರು ಒಂದೇ ಮಾತು ಹೇಳಿದರು.

“ಪೂರ್ತಿ ಹೋಗೋದ್ರೊಳ್ಗೆ ತಾತನ ಥರದ್ದೊಂದು ಚೂರಿ ಮಾಡ್ಬಿಡ್ತೀನಿ ಕಣೇ. ಒಂದೇ ಒಂದು.”

ತಾತನದ್ದು ಎಂದರೆ ಬೇಟೆ ಚೂರಿ. ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಹಿಂದೆ ಊರಿನ ಗಂಡಸರು ಬಲೆ ಹಿಡಿದು ಹಂದಿ ಬೇಟೆಗೆ ಹೊರಡುತ್ತಿದ್ದರಂತೆ. ಹಂದಿಯ ಚರ್ಮ ಬಿಡಿಸಲು ಎಲ್ಲರೂ ಕೇಳುತ್ತಿದ್ದದ್ದು ತಾತನ ಚೂರಿಯನ್ನು. ಅಂಗಡಿಯ ಕಬ್ಬಿಣದ್ದಲ್ಲ, ಮನೆಯಲ್ಲೇ ಕರಗಿಸಿದ ಉಕ್ಕಿನದು. ಈಗ ಬೇಟೆಯೂ ಇಲ್ಲ, ಆ ಚೂರಿಯೂ ಇಲ್ಲ. ಉಕ್ಕು ಕರಗಿಸುವುದನ್ನು ಮಾತ್ರ ಇವರು ಹುಡುಗರಾಗಿದ್ದಾಗ ಕಣ್ಣಾರೆ ನೋಡಿದ್ದರು.

ನಾನು ಬೇಡವೆಂದೆ. ಜಗಳವಾಡಿದೆ. ಬೆಂಕಿ ನೋಡಿ ನೋಡಿಯೇ ಕಣ್ಣು ಹೀಗಾಗಿದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಅವರು ಕೇಳುವವರೇ? ಕೆರೆಯ ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೂಸೆ ಮಾಡಲು ಕೂತರು. ಕೈಯಗಲದ ಮಣ್ಣಿನ ಕುಡಿಕೆ ಅದು. ಒಳಗೆ ಕಬ್ಬಿಣದ ಚೂರು, ತಂಗಡಿ ಕಡ್ಡಿ, ಎಕ್ಕದ ಎಲೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ರಾಶಿಯಲ್ಲಿ ಹೂಳಿ ಬೆಂಕಿ ಕೊಡಬೇಕು. ಮೊದಲಿನವೆಲ್ಲ ಒಡೆದುಹೋದವು. ಒಂದರಲ್ಲಿ ಸಿಕ್ಕಿದ್ದು ಬರೀ ಕಿಟ್ಟ, ಕಬ್ಬಿಣದ ಕಸ. ಪ್ರತಿ ಸಲವೂ ಅವರು ಒಡೆದ ಚೂರುಗಳನ್ನು ಬೆರಳಲ್ಲಿ ಸವರಿ, ಮತ್ತೆ ಮಣ್ಣು ಕಲಸುತ್ತಿದ್ದರು. ನಾನು ಬಯ್ಯುವುದನ್ನು ಬಿಟ್ಟೆ. ಬೈದು ಪ್ರಯೋಜನವಿಲ್ಲ ಎಂದಲ್ಲ, ನೋಡಲಾಗುತ್ತಿರಲಿಲ್ಲ.

ಕೊನೆಗೊಂದು ಮೂಸೆ ಒಡೆಯದೆ ಉಳಿಯಿತು. ಒಳಗೆ ಸಣ್ಣ ಬೆಲ್ಲದಚ್ಚಿನಷ್ಟು ಉಕ್ಕು ಕೂತಿತ್ತು. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು. ನನಗೆ ಅಳು ಬಂತು, ಹೊಗೆ ಎಂದು ಹೇಳಿದೆ.

ಅಷ್ಟು ಹೊತ್ತಿಗೆ ಬಣ್ಣ ಅವರಿಗೆ ಕಾಣುತ್ತಿರಲಿಲ್ಲ. ಬೆಂಕಿ ಇದೆ ಎಂದು ಗೊತ್ತಾಗುತ್ತಿತ್ತು, ಯಾವ ಬೆಂಕಿ ಎಂದು ಗೊತ್ತಾಗುತ್ತಿರಲಿಲ್ಲ. ಈ ಉಕ್ಕು ಸ್ಪ್ರಿಂಗ್ ಪಟ್ಟಿಯ ಹಾಗಲ್ಲ, ಸ್ವಲ್ಪ ಹೆಚ್ಚು ಕಾದರೂ ಕೆಡುತ್ತದೆ. ಆದ್ದರಿಂದ ನಾನು ಬಣ್ಣ ಹೇಳಬೇಕು, ಅವರು ಕೆಲಸ ಮಾಡಬೇಕು ಎಂದಾಯಿತು. ಬಡಿಯುವಾಗ ಅಂಥ ತೊಂದರೆಯಾಗಲಿಲ್ಲ. ಸುತ್ತಿಗೆಯ ಸದ್ದು ಕೇಳಿಯೇ ಅವರು ‘ಸಾಕು, ಒಲೆಗೆ ಹಾಕು’ ಎನ್ನುತ್ತಿದ್ದರು. ಚೂರಿ ಚೂರಿಯಾಗಿ ಬಂತು.

ಉಳಿದದ್ದು ನೀರು ಕುಡಿಸುವುದು. ಮಾತಿಗೆ ನೀರು, ಕುಡಿಸುವುದು ಹೊಂಗೆ ಎಣ್ಣೆ. ಕಾದ ಚೂರಿಯನ್ನು ಸರಿಯಾದ ಬಣ್ಣದಲ್ಲಿ ಅದ್ದಿದರೆ ಅಲಗು ನಿಲ್ಲುತ್ತದೆ.

“ಕನಕಾಂಬರದ ಬಣ್ಣ ಬಂದಾಗ ಹೇಳು. ಅದಕ್ಕಿಂತ ಮುಂಚೆ ಬ್ಯಾಡ, ಆಮೇಲೂ ಬ್ಯಾಡ,” ಎಂದರು.

ಕನಕಾಂಬರ ಗೊತ್ತಿಲ್ಲದ ಹೆಂಗಸು ಈ ಸೀಮೆಯಲ್ಲಿ ಇದ್ದಾಳೆಯೇ? ನಾನು ಕಣ್ಣು ಮಿಟುಕಿಸದೆ ನೋಡಿದೆ. ಚೂರಿ ಮೊದಲು ಕಪ್ಪುಗೆಂಪಾಯಿತು, ಆಮೇಲೆ ಕೆಂಪು, ಆಮೇಲೆ ತಿಳಿಯಾಗುತ್ತಾ ಕಿತ್ತಳೆಯಾಯಿತು. “ಬಂತು!” ಎಂದೆ. ಅವರು ಅದ್ದಿದರು. ಎಣ್ಣೆ ಬುಸ್ಸೆಂದಿತು. ಆಮೇಲೆ ಸಣ್ಣ ಉರಿಯಲ್ಲಿ ಹದ ಮಾಡಿ, ಸಾಣೆ ಹಿಡಿದು, ಹುಣಸೆ ಮರದ ಹಿಡಿ ಕೂರಿಸಿದರು.

ಅವರ ಮುಂಗೈ ಕೂದಲು ತಾಗಿದ ಕೂಡಲೇ ಹೋಯಿತು. ಹಿತ್ತಲಿನ ಲಂಟಾನ ಸವರಿದರು, ಹಸಿ ಬಿದಿರು ಸೀಳಿದರು, ಹಳೆಯ ಹಗ್ಗ ಕೊಯ್ದರು. ಅಲಗು ಬಗ್ಗಲಿಲ್ಲ, ಮೊಂಡಾಗಲಿಲ್ಲ. ಅವರು ಊಟಕ್ಕೆ ಕೂತಾಗಲೂ ಅದನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡರು. “ಬೇಟೆ ಚೂರಿ ಅಂದ್ಮೇಲೆ ಮಾಂಸದಲ್ಲಿ ನೋಡ್ಬೇಕು,” ಎಂದರು. ವರ್ಷತೊಡಕು ಹತ್ತಿರದಲ್ಲೇ ಇತ್ತು.

ನಮ್ಮಲ್ಲಿ ಆ ದಿನ ಊರಿನ ಕೆಲವು ಮನೆಗಳು ಸೇರಿ ಕುರಿ ಕೊಯ್ದು ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಹಂಚಿಕೊಳ್ಳುತ್ತಾರೆ. ಹೊಂಗೆ ಮರದ ಕೆಳಗೆ ಬಾಳೆಲೆ ಹಾಸಿದ್ದರು. ಕೊಯ್ಯುವವನು ನನ್ನ ಮೈದುನ. ಅವನು ನಮ್ಮ ಚೂರಿಯಿಂದ ಚರ್ಮ ಬಿಡಿಸಿದ್ದನ್ನು ನೋಡಬೇಕಿತ್ತು.

“ಅಣ್ಣೋ, ಇದು ತಾನಾಗ್ ತಾನೇ ಹೋಯ್ತದೆ ಕಣಣ್ಣ! ನಾನು ಸುಮ್ನೆ ಹಿಡ್ಕೊಂಡಿದೀನಿ ಅಷ್ಟೇ,” ಎಂದ.

ನನ್ನ ಗಂಡ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು. ಆ ನಗು ಇನ್ನೂ ಮುಖದಲ್ಲಿ ಇರುವಾಗಲೇ ಮೈದುನ ತೊಡೆಯ ಕೀಲಿಗೆ ಚೂರಿ ಹಾಕಿ ತಿರುಗಿಸಿದ. ಟಿಣ್ ಎಂದಿತು. ಅರ್ಧ ಅಲಗು ಮಾಂಸದಲ್ಲಿ, ಅರ್ಧ ಅವನ ಕೈಯಲ್ಲಿ.

“ಏನ್ ಆಚಾರ್ರೇ, ಗಾಜಲ್ಲಿ ಮಾಡಿದ್ರಾ?” ಎಂದು ಯಾರೋ ಅಂದರು. ಕೆಲವರು ನಕ್ಕರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಆ ಚೂರಿಯ ಹಿಂದೆ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನನ್ನ ಗಂಡ ತುಂಡನ್ನು ಇಸಿದುಕೊಂಡು ಮುರಿದ ಕಡೆಯನ್ನು ಹೆಬ್ಬೆರಳಲ್ಲಿ ಉಜ್ಜಿದರು. ಕಲ್ಲುಸಕ್ಕರೆ ಮುರಿದ ಹಾಗೆ ತರಿತರಿಯಾಗಿತ್ತು. “ಹೆಚ್ಚು ಕಾದೈತೆ,” ಎಂದರು, ಅಷ್ಟೇ.

ಮನೆಗೆ ಬಂದು ಜಗಲಿಯಲ್ಲಿ ಕೂತ ಮೇಲೆ ಕೇಳಿದರು, “ಯಾವ ಕನಕಾಂಬರ ನೋಡಿ ಹೇಳ್ದೆ?”

“ಇನ್ಯಾವ್ದು? ಎಲ್ರೂ ಮುಡ್ಕೊಳೋದೇ. ಇಗೋ, ನನ್ ತಲೇಲೇ ಐತಲ್ಲ.”

ಅವರು ಕೈ ಚಾಚಿ ನನ್ನ ಜಡೆಯಲ್ಲಿದ್ದ ಹೂವನ್ನು ಮುಟ್ಟಿದರು. ಎಸಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ಇದು ಡೆಲ್ಲಿ ಕನಕಾಂಬರ ಕಣೇ, ಎಸಳು ಅಗಲ. ತಿಳಿ ಬಣ್ಣ ಇದ್ರದ್ದು. ನಾನು ಹೇಳಿದ್ದು ಅಮ್ಮ ಹಿತ್ತಲಲ್ಲಿ ಹಾಕಿದ್ಲಲ್ಲ, ಆ ಹಳೇದು. ಕೆಂಪಗಿರೋದು.”

ನಾನು ಈ ಮನೆಗೆ ಬರುವಷ್ಟರಲ್ಲಿ ಆ ಹಿತ್ತಲಲ್ಲಿ ಶೌಚಾಲಯ ಎದ್ದಿತ್ತು. ಆ ಹೂವನ್ನು ನಾನು ಕಂಡೇ ಇಲ್ಲ. ತಪ್ಪು ಯಾರದ್ದೂ ಅಲ್ಲ ಎಂದು ಅಕ್ಕಪಕ್ಕದವರು ಸಮಾಧಾನ ಹೇಳಿದರು. ನಾನು ಒಪ್ಪುವುದಿಲ್ಲ. ತಪ್ಪು ಅವರದ್ದೇ. ಕಣ್ಣಿರುವಾಗ ಒಂದು ದಿನವಾದರೂ ಕೈ ಹಿಡಿದು, ‘ನೋಡೇ, ಇದು ಆ ಬಣ್ಣ’ ಎಂದು ಬೆಂಕಿಯಲ್ಲಿ ತೋರಿಸಬಾರದಿತ್ತೇ? ನಾನೇನು ಸುತ್ತಿಗೆಗೆ ಹಾಕಿದ ಹಿಡಿಯೇ? ಇದನ್ನೆಲ್ಲ ಅವರ ಮುಖಕ್ಕೇ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ತಿರುಗಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ನಾನು ಆ ಹೂವನ್ನು ಹುಡುಕಿಕೊಂಡು ಹೊರಟೆ. ಇನ್ನೊಂದು ಚೂರಿ ಮಾಡಿಸಿಯೇ ತೀರುತ್ತೇನೆ ಎಂಬ ಹಟ. ನೆಲಮಂಗಲದ ಹೂವಿನವರೆಲ್ಲ ‘ಅದನ್ಯಾರ್ ಹಾಕ್ತಾರಕ್ಕ ಈಗ’ ಎಂದರು. ಕೊನೆಗೆ ಆವತಿಯ ಕಡೆಗೆ ಕೊಟ್ಟಿರುವ ನನ್ನ ತಂಗಿಯ ಮನೆಗೆ ಹೋದಾಗ, ಅವಳ ಪಕ್ಕದ ಮನೆಯ ತುಳಸಿಕಟ್ಟೆಯ ಬುಡದಲ್ಲಿ ಒಂದು ಗಿಡ ಸಿಕ್ಕಿತು. ಸಣ್ಣ ಎಸಳು, ಕಡು ಬಣ್ಣ. ಹೂ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ.

ಅವರು ಜಗಲಿಯಲ್ಲೇ ಇದ್ದರು. ಹೂವನ್ನು ಅಂಗೈಯಲ್ಲಿ ಇಟ್ಟೆ.

“ನೋಡ್ರೀ, ಇದೇನಾ? ಇದೇ ಬಣ್ಣನಾ?”

ಎಸಳು ಮುಟ್ಟಿ ಅವರ ಮುಖ ಒಂದಿಷ್ಟು ಅರಳಿತು. ಎದ್ದು ಬಿಸಿಲಿಗೆ ಹೋದರು. ಹೂವನ್ನು ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೌದು ಎನ್ನಲಿ, ಇಲ್ಲವೆನ್ನಲಿ, ಯಾವುದಾದರೂ ಒಂದು.

ಕೊನೆಗೆ ಹೂವನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು.

“ಇರ್ಬೋದು ಕಣೇ,” ಎಂದರು.