ಹುಲಿಗೆಮ್ಮನ ಕಣ್ಣು

ಫೋಟೊ ಅಂದರೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಉಸಿರು ಬಿಗಿಹಿಡಿದು ನಿಲ್ಲುವ ಕೆಲಸವಾಗಿದ್ದ ಕಾಲವದು. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಅಪ್ಪನ ಸ್ಟುಡಿಯೋ. ಅದರ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಫೋಟೊ ತೊಳೆಯುವ ಔಷಧದ ಹುಳಿವಾಸನೆ ಸಂಜೆ ತಿನ್ನುವ ಮಂಡಾಳ ಒಗ್ಗರಣೆಗೂ ಹತ್ತಿರುತ್ತಿತ್ತು.

ಲಿಂಗಸುಗೂರಿನಲ್ಲಿ ಒಂದು ಸಣ್ಣ ಪೇಪರು ಅಚ್ಚಾಗುತ್ತಿತ್ತು. ಅದಕ್ಕೆ ಫೋಟೊ ತಯಾರು ಮಾಡಿಕೊಡುವವನು ಅಪ್ಪ. ಅಗ್ಗದ ಹಾಳೆ ಮಸಿ ಕುಡಿದುಬಿಡುತ್ತದೆ. ಬಿಸಿಲಲ್ಲಿ ದುಡಿದ ನಮ್ಮ ಮಂದಿಯ ಮುಖ ಬರೀ ಕಲೆಯಾಗುತ್ತದೆ. ಅದಕ್ಕೇ ಅವನು ಪ್ರಿಂಟನ್ನು ತುಸು ಬೆಳ್ಳಗೆ ತೆಗೆದು, ಸಣ್ಣ ಬ್ರಶ್ಶಿನಿಂದ ಮೂಗಿನ ಗೆರೆ, ಮೀಸೆ, ರುಮಾಲಿನ ಅಂಚು ತಿದ್ದುತ್ತಿದ್ದ. ಸತ್ತವರದಾದರೆ ಮದುವೆಯ ಗುಂಪಿನಿಂದ ಒಂದೇ ತಲೆ ಕತ್ತರಿಸಿ ತೆಗೆಯುತ್ತಿದ್ದ. ಉಳಿದ ಭುಜ, ಕೈಗಳೆಲ್ಲ ನನಗೂ ನನ್ನ ಗೆಳತಿಯರಿಗೂ ಆಟಕ್ಕೆ. ಯಾರ ಭುಜಕ್ಕೆ ಯಾರ ಕೈ ಅಂತ ಜೋಡಿಸುತ್ತ ಕೂರುತ್ತಿದ್ದೆವು. ಬಣ್ಣ ಒಣಗಿದ ಮೇಲೆ ಲಕೋಟೆ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನ ಡ್ರೈವರನ ಕೈಗೆ.

ಆ ವರ್ಷ ಕಾಲುವೆಗೆ ನೀರು ಬಿಟ್ಟ ವಾರವೇ ದಢೇಸುಗೂರಿನ ಕಡೆಯ ಹುಡುಗಿಯೊಬ್ಬಳು, ನೀರಿಗೆ ಬಿದ್ದ ಕೂಸುತಮ್ಮನನ್ನು ದಂಡೆಗೆ ನೂಕಿ ತಾನು ಹೋಗಿಬಿಟ್ಟಳು. ಹುಲಿಗೆಮ್ಮ ಅಂತ, ನನ್ನ ವಾರಿಗೆಯವಳು. ಶಾಲೆಯ ಮುಖ ಕಂಡವಳಲ್ಲ, ಒಂದೂ ಫೋಟೊ ಇರಲಿಲ್ಲ. ಪೇಪರಿನವರು ಹೇಳಿ ಕಳಿಸಿದ್ದರಿಂದ ಅಪ್ಪ ಹೋಗಿ, ಗೋಡೆಗೆ ಆನಿಸಿ ಕೂರಿಸಿದ್ದ ಹೆಣದ ಫೋಟೊ ತೆಗೆದುಕೊಂಡು ಬಂದ.

ಮರುದಿನ ಅವಳ ತಾಯಿ ದುರುಗಮ್ಮ ಬಂದಳು. ಹಸಿ ಪ್ರಿಂಟು ನೋಡಿ ಅಳಲಿಲ್ಲ. ನಾಕು ಊರಿನ ಮಂದಿ ನೋಡುವ ಪೇಪರಿನಾಗ ಕಣ್ಣು ಮುಚ್ಚಿಕೊಂಡು ಬರೋದು ಬ್ಯಾಡ, ತೆರೆದಂಗ ಮಾಡಿಕೊಡ್ರಿ ಅಂದಳು. ಅಂಥ ಕೆಲಸ ಅಪ್ಪನಿಗೆ ಹೊಸದಲ್ಲ. ಕಣ್ಣು ಎಂಥವು ಅಂತ ಕೇಳಿದ. ಆಕೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು.

"ಈ ನಿಮ್ಮ ಹುಡುಗಿವು ಇದ್ದಂಗ ದೊಡ್ಡವು ಅದಾವ್ರಿ ಅಣ್ಣಾ."

ಆಕೆ ಹೋದ ಮೇಲೆ ಅಪ್ಪ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ. ರೆಪ್ಪಿ ಬಡೀಬ್ಯಾಡ ಬೇ, ಅಂದ. ನನ್ನ ಫೋಟೊ ತೊಳೆದು, ಕಣ್ಣಿನ ಪಟ್ಟಿಯನ್ನಷ್ಟೇ ಬ್ಲೇಡಿನಿಂದ ಕೊಯ್ದ. ಉಬ್ಬು ಕಾಣಬಾರದೆಂದು ಇದ್ದ ಒಂದೇ ಪ್ರಿಂಟಿನಿಂದ ಅವಳ ಮುಚ್ಚಿದ ರೆಪ್ಪೆಗಳನ್ನೂ ಕೊಯ್ದು ತೆಗೆದು, ಆ ಜಾಗಕ್ಕೆ ನನ್ನವನ್ನು ಅಂಟಿಸಿ, ಬ್ರಶ್ಶಿನಿಂದ ಹೊಂದಿಸಿದ. ಸತ್ತ ಹುಡುಗಿ ನನ್ನ ಕಣ್ಣಿನಿಂದ ನನ್ನನ್ನೇ ನೋಡಿದಳು.

ಹೆಣದ ಫಿಲ್ಮು ಮನೆಯಲ್ಲಿ ಇಡಲು ಅವ್ವ ಬಿಡುತ್ತಿರಲಿಲ್ಲ. ಲಕೋಟೆ ಬಸ್ಸು ಹತ್ತಿದ್ದೇ ತಡ ಅದನ್ನು ಒಲೆಗೆ ಹಾಕುವುದು ನಮ್ಮ ಮನೆಯ ರಿವಾಜು. ಅಂದೂ ಹಾಕಿದಳು. ಕೂದಲು ಸುಟ್ಟಂಥ ನಾತ ಮನೆಯೆಲ್ಲ ತುಂಬಿತು.

ಪೇಪರು ಬಂದ ಮೇಲೆ ದುರುಗಮ್ಮ ಅದನ್ನು ಮಡಚಿ ಹಿಡಿದುಕೊಂಡು ಮತ್ತೆ ಬಂದಳು. ಚೊಲೋ ಬಂದೈತೇನವಾ ಅಂತ ಅಪ್ಪ ಕೇಳಿದ.

"ಚೊಲೋ ಬಂದೈತ್ರಿ. ಆದರ ನನ್ನ ಮಗಳು ಮೆಳ್ಳಗಣ್ಣಾಕಿ."

ಊರೆಲ್ಲ ಅವಳನ್ನು ಮೆಳ್ಳಿ ಅಂತಲೇ ಕರೆಯುತ್ತಿತ್ತಂತೆ. ಅದನ್ನು ಬೇರೆ ಬಾಯಿಬಿಟ್ಟು ಹೇಳಬೇಕು ಅಂತ ಆಕೆಗೆ ಹೊಳೆದೇ ಇರಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಮುಚ್ಚಿದ ಕಣ್ಣಿನ ಫೋಟೊನಾರ ಕೊಡ್ರಿ," ಅಂದಳು. "ಅದರಾಗ ಆಕಿ ಅದಾಳ."

ಅಪ್ಪ ಒಳಗೆ ಒಲೆಯ ಕಡೆ ನೋಡಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಪ್ಪ, ಯಾವ ಕಣ್ಣು ಹೇಳವಾ, ತಿದ್ದಿ ಇನ್ನೊಂದು ಮಾಡಿಕೊಡತೀನಿ ಅಂದ. ದುರುಗಮ್ಮ ತನ್ನ ಬಲಗಣ್ಣಿನ ತನಕ ಬೆರಳು ಒಯ್ದಳು. ಇಳಿಸಿದಳು. ಎಡಗಣ್ಣಿನ ತನಕ ಒಯ್ದಳು.

"ಆಕಿ ಎದುರಿಗೆ ಬಂದು ನಿಂತರ ಗೊತ್ತಾಗತಿತ್ತ್ರಿ," ಅಂದವಳೇ ಮೆಟ್ಟಿಲು ಇಳಿದು ಹೋದಳು.

ಈಗ ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಅಂಗಡಿ. ಪೇಪರು ನಿಂತುಹೋಯಿತು, ಅಪ್ಪ ಅವ್ವ ಹೋದರು, ಹೋದ ವರ್ಷ ದುರುಗಮ್ಮನೂ. ಆ ಕೂಸುತಮ್ಮ ಹಟ್ಟಿಯ ಗಣಿಯಲ್ಲಿ ಕೆಲಸಕ್ಕಿದ್ದಾನೆ. ಮೊನ್ನೆ ಅವನ ಮನೆಗೆ ಹೋದಾಗ, ಕಟ್ಟು ಹಾಕಿಸಿದ ಆ ಪೇಪರಿನ ತುಂಡಿಗೆ ಹೂವು ಏರಿಸಿದ್ದರು. ನಿಮ್ಮಕ್ಕಂದು ಯಾವ ಕಣ್ಣು ಮೆಳ್ಳ ಇತ್ತು ಅಂತ ಕೇಳಿದೆ.

ಅವನಿಗೆ ತುಸು ಬೇಸರವಾಯಿತು.

"ಯಾರರ ಸುಳ್ಳು ಹೇಳ್ಯಾರ್ರಿ. ನಮ್ಮಕ್ಕನ ಕಣ್ಣು ಚೊಲೋ ಇದ್ದವು. ಫೋಟೊ ನೋಡ್ರಿ ಬೇಕಾದ್ರ."