ಸೊಯ್ಲಾಳ ಸಾರು

ಗಡಿ ಊರು ಇಪಿಯಾಲೆಸ್‌ನ ಚರ್ಚಿನ ಅಡುಗೆಯವಳು ಸೊಯ್ಲಾ, ತನ್ನ ಆಲೂಗಡ್ಡೆ ಸಾರಿನ ಬಗ್ಗೆ ಯಾರಾದರೂ ಕೊಂಕು ಮಾತಾಡಿದರೆ ಸೌಟು ಎತ್ತುವ ಹೆಂಗಸು. ವೆನೆಜುವೇಲಾದಿಂದ ದೇಶ ಬಿಟ್ಟು ನಡೆದು ಬಂದವರಿಗೆ ಮಧ್ಯಾಹ್ನ ಅವಳು ಬಡಿಸಿ ಕಳಿಸುತ್ತಾಳೆ. ಗಡಿಯ ಸೇತುವೆ ದಾಟಿದರೆ ಎಕ್ವಡೋರ್. ಅಲ್ಲಿ ತುಲ್ಕಾನ್ ಚರ್ಚಿನವರು ರಾತ್ರಿಯ ಊಟ, ಹಾಸಿಗೆ ನೋಡಿಕೊಳ್ಳುತ್ತಾರೆ. ಇದು ಎರಡೂ ಚರ್ಚುಗಳ ಒಪ್ಪಂದ. ಆದರೆ ಅಲ್ಲಿನ ಅಡುಗೆಯವಳಾದ ಮರೂಹಾಳಿಗೂ ಸೊಯ್ಲಾಳಿಗೂ, ಒಬ್ಬರ ಮುಖ ಒಬ್ಬರು ನೋಡದಿದ್ದರೂ, ಎಣ್ಣೆ ಸೀಗೆಕಾಯಿ.

ಒಮ್ಮೆ, ಸೇತುವೆ ದಾಟಿ ಹೋಗಿ ಈಗ ವೆನೆಜುವೇಲಾಕ್ಕೆ ವಾಪಸ್ ಹೊರಟಿದ್ದ ಯೋರ್ಮನ್ ಎಂಬವನು ಸೊಯ್ಲಾಳ ಮುಂದೆ ತಟ್ಟೆ ಹಿಡಿದು ನಕ್ಕ.

"ಅಮ್ಮಾ, ಸೊಯ್ಲಾ ಹತ್ರ ಊಟ ಆಯ್ತಾ ಅಂತ ಮರೂಹಮ್ಮ ಎಲ್ರನ್ನೂ ಕೇಳ್ತಾಳೆ. ಹೂಂ ಅಂದ್ರೆ, 'ಅಯ್ಯೋ ಪಾಪ, ಹಾಗಾದ್ರೆ ಹೊಟ್ಟೇಲಿ ಬರೀ ನೀರು' ಅಂತ ಎರಡೆರಡು ಸಲ ಬಡಿಸ್ತಾಳೆ."

"ಅವಳ ನಾಲಿಗೆ ಬಿದ್ದೋಗ!" ಸೊಯ್ಲಾ ಸೌಟು ಕುಕ್ಕಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಎರಡು ಸಲಾನಾ? ಕೋಳಿ ಹಾಕಿ?"

"ಮಕ್ಕಳಿಗೆ ಮೊಟ್ಟೆ ಬೇರೆ."

ಸೊಯ್ಲಾ ಅವತ್ತೆಲ್ಲ ಮುಖ ಊದಿಸಿಕೊಂಡೇ ಇದ್ದಳು. ಮರುದಿನದಿಂದ ಮಾತ್ರ, ಸೇತುವೆಗೆ ಹೊರಟವರನ್ನೆಲ್ಲ ಬಾಗಿಲಲ್ಲಿ ತಡೆದು ಹೇಳತೊಡಗಿದಳು:

"ಆ ಹೆಂಗಸು ಕೇಳಿದ್ರೆ, ನನ್ ಸಾರು ಬಾಯಿಗಿಡೋಕಾಗಲ್ಲ ಅನ್ನಿ. ಮಕ್ಕಳನ್ನ ಮುಂದೆ ನಿಲ್ಲಿಸ್ಕೊಂಡು ಅನ್ನಿ."